ತಿಕೋಟಾದ ಪೆಟ್ಟು

"ನನ್ನದು ಅಂತ ಒಂದು ಮನಿ ಆಗಲಿ. ಅಪ್ಪನ್ನ ಕರದು ಕುಂದ್ರಿಸಿ ನಿನ್ನ ಪೆಟ್ಟು ಕೇಳಸ್ತೇನಿ. ಇದು ನನ್ನ ಮಾತು."

ಗುರುಬಾಯಿ ತನ್ನ ತಮ್ಮ ರಾಮಲಿಂಗನಿಗೆ ಹೀಗೆ ಮಾತು ಕೊಟ್ಟದ್ದು ಐವತ್ತೆಂಟನೆಯ ಇಸವಿಯಲ್ಲಿ, ತಿಕೋಟಾದ ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ. ಅವಳಿಗೆ ಇಪ್ಪತ್ತೊಂದು, ಅವನಿಗೆ ಹದಿನೇಳು. ಅವನ ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಅವಳೇ ಬಡಿದುಕೊಟ್ಟ ಎಂಟು ಕಟಕ ರೊಟ್ಟಿ, ಶೇಂಗಾ ಹಿಂಡಿ.

ಹಿಂದಿನ ದಿನ ಅಮೋಘಸಿದ್ಧನ ಗುಡಿಯ ಮುಂದೆ ನಾಲ್ಕೂರಿನ ಡೊಳ್ಳಿನ ವಾಲಗ ಕೂಡಿತ್ತು. ತಿಕೋಟಾದ ಮೇಳಕ್ಕೆ ಅವರಪ್ಪ ಅಮೋಘಿಯೇ ಮುಂದಾಳು. ಸುತ್ತ ಹತ್ತು ಹಳ್ಳಿಯಲ್ಲಿ ಅವನಂಥ ಕೈ ಇನ್ನೊಂದಿರಲಿಲ್ಲ. ಎಲ್ಲರೂ ಹೊಡೆಯುವಲ್ಲಿ ಹೊಡೆದು, ಕೈ ಎತ್ತುವಲ್ಲಿ ಕೈ ಎತ್ತಿದರು. ರಾಮಲಿಂಗ ಮಾತ್ರ ಎಲ್ಲರೂ ಕೈ ಎತ್ತಿದ ಜಾಗದಲ್ಲಿ ಹೊಡೆದ. ಒಂದು ಸಲ ಅಲ್ಲ, ಬೇಕೆಂದೇ ಮೂರು ಸಲ. ಮೇಳ ಮುರಿಯಿತು, ಘೋಣಸಗಿಯವರು ಕೇಕೆ ಹಾಕಿ ನಕ್ಕರು. ಅಮೋಘಿ ಎಲ್ಲರೆದುರಿಗೆ ಮಗನ ಕೈಯಿಂದ ಕೋಲು ಕಸಿದುಕೊಂಡ.

"ನಿನ್ನ ಕೈಯಾಗ ತಾಳ ಇಲ್ಲಲೇ. ಇನ್ನ ಡೊಳ್ಳ ಮುಟ್ಟಿದಿ ಅಂದ್ರ ನನ್ನ ಮನಿ ಹೊಸ್ತಲಾ ತುಳೀಬ್ಯಾಡ."

ಹುಡುಗ ತುಳಿಯಲಿಲ್ಲ. ಮುಂಬಯಿಗೆ ಹೋದ, ಬಂದರದಲ್ಲಿ ಮೂಟೆ ಹೊತ್ತ, ಆಮೇಲೆ ಹಡಗಿನ ಖಲಾಸಿಯಾದ. ವರ್ಷಕ್ಕೊಂದು ಎರಡು ಪತ್ರ ಅಕ್ಕನಿಗೆ. ಅಪ್ಪನಿಗೆ ಒಂದೂ ಇಲ್ಲ.

ಎಪ್ಪತ್ತೇಳರ ಶ್ರಾವಣದಲ್ಲಿ ಬಂದದ್ದು ಪತ್ರವಲ್ಲ, ರಟ್ಟಿನ ಪಾರ್ಸಲ್ಲು.

ಆಗ ಗುರುಬಾಯಿಯ ಮನೆಯವರು ವಿಜಾಪುರದ ಗೋಡೆಗೆ ಗೋಡೆ ಹತ್ತಿದ ಒಂದು ಓಣಿಯಲ್ಲಿ, ಎರಡು ಖೋಲಿಯ ಬಾಡಿಗೆ ಮನೆಯಲ್ಲಿದ್ದರು. ಗಂಡ ರೇವಪ್ಪ ಗೌಂಡಿ. ಇಪ್ಪತ್ತು ವರ್ಷ ಊರವರ ಮನೆ ಕಟ್ಟಿ, ಈಗ ತೊರವಿ ರಸ್ತೆಯ ಬದಿಗೆ ತನ್ನದೇ ಒಂದು ಮನೆ ಎಬ್ಬಿಸುತ್ತಿದ್ದ. ಗುರುಬಾಯಿ ಸ್ಟೇಶನ್ ರಸ್ತೆಯ ಖಾನಾವಳಿಗೆ ದಿನಾ ನೂರು ರೊಟ್ಟಿ ಬಡಿದು ಕಳಿಸುತ್ತಿದ್ದಳು. ಅತ್ತೆ ಪರಸವ್ವ ಒಲೆ ನೋಡುತ್ತಿದ್ದಳು, ಸೊಸೆಯನ್ನೂ ನೋಡುತ್ತಿದ್ದಳು. ಮಗಳು ದುಂಡವ್ವ ಹತ್ತನೆಯ ಇಯತ್ತೆ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ಅವಳೊಬ್ಬಳೇ.

ಪಾರ್ಸಲ್ಲು ಬಿಚ್ಚಿದರೆ ಅಂಗೈಗಿಂತ ದೊಡ್ಡ, ತಾಟಿಗಿಂತ ಚಿಕ್ಕ ಒಂದು ಕರಿಯ ಹಾಡಿನ ಪ್ಲೇಟು. ನಡುವೆ ರೂಪಾಯಿಗಿಂತ ದೊಡ್ಡ ತೂತು. ಜೊತೆಗೊಂದು ಪತ್ರ. ಗುರುಬಾಯಿ ಹಿಟ್ಟಿನ ಕೈಯಲ್ಲೇ ಕೂತಳು. ದುಂಡವ್ವ ಓದಿದಳು:

"ಅಕ್ಕಗ ನಮಸ್ಕಾರ. ನಮ್ಮ ಹಡಗ ದುರುಸ್ತಿಗೆ ಅಂತ ಜಮೈಕಾದಾಗ ಐದು ತಿಂಗಳ ನಿಂತಿತ್ತು. ಇಲ್ಲಿ ಒಂದು ನಮೂನಿ ಹಾಡ ಐತಿ, ರೆಗ್ಗೆ ಅಂತಾರ. ನಾವು ಎಲ್ಲಿ ಕೈ ಎತ್ತತೇವೋ ಇವರು ಅಲ್ಲೇ ಹೊಡೀತಾರ. ನಾ ಸಂಜೀ ಮುಂದ ಇವರ ಅಂಗಳಕ್ಕ ಹೋಗಿ ಕುಂತೆ. ಒಂದಿನ ಡೋಲ ನನ್ನ ಕೈಗೆ ಕೊಟ್ಟರು. ಯಾರೂ ತಪ್ಪು ಅನ್ನಲಿಲ್ಲ ಅಕ್ಕ. ಈ ಪ್ಲೇಟಿನ್ಯಾಗ ಡೋಲ ನಂದ ಐತಿ. ಇಲ್ಲಿ ನನ್ನ ಹೆಸರ ಯಾರಿಗೂ ಹೇಳಾಕ ಬರಾಂಗಿಲ್ಲ, ಊರಿನ ಹೆಸರ ಹೇಳಿ ಕರೀತಾರ. ಅದನ್ನ ಛಾಪಿಸ್ಯಾರ, ನೋಡು."

ದುಂಡವ್ವ ಪ್ಲೇಟನ್ನು ಬೆಳಕಿಗೆ ಹಿಡಿದಳು. ನಡುವಿನ ಹಳದಿ ಕಾಗದದ ಮೇಲೆ ಸಣ್ಣ ಅಕ್ಷರ.

"ಡ್ರಮ್... ಟಿ, ಐ, ಕೆ, ಓ, ಟಿ, ಎ. ಯವ್ವಾ! ತಿಕೋಟಾ ಅಂತ ಐತಿ!"

"ಎಲ್ಲಿ? ಬಟ್ಟ ಇಟ್ಟು ತೋರ್ಸು."

ಮಗಳು ಬೆರಳಿಟ್ಟಳು. ಗುರುಬಾಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಬಹಳ ಹೊತ್ತು ನೋಡಿದಳು.

"ರೊಟ್ಟಿ ಹೊತ್ತಾಕತ್ತೈತಿ ಬೇ," ಅಂದಳು ಪರಸವ್ವ ಒಲೆಯ ಮುಂದಿನಿಂದ. "ಊರ ಹೆಸರು ಬರದ್ರ ಹೊಟ್ಟಿ ತುಂಬತೈತೇನು?"

"ನೀವು ಹುಟ್ಟಿದ ಘೋಣಸಗಿ ಹೆಸರು ಎಲ್ಲೆರ ಬರದಾರೇನ್ರಿ ಅತ್ತಿ?" ಅಂದಳು ಗುರುಬಾಯಿ, ಹೆಂಚಿನ ಮೇಲಿನ ರೊಟ್ಟಿ ಮಗುಚುತ್ತ. ಪರಸವ್ವ ಬಾಯಿ ಮುಚ್ಚಿದಳು. ಅದು ಅಪರೂಪ.

ಆ ರಾತ್ರಿ ಊಟಕ್ಕೆ ಕೂತಾಗ ಗುರುಬಾಯಿ ಗಂಡನಿಗೆ ಹೇಳಿದಳು: "ದೀಪಾವಳಿ ಪಾಡ್ಯಕ್ಕ ಮನಿ ತುಂಬಸೂದು ಹೌದಲ್ಲ? ಅವತ್ತ ನಮ್ಮಪ್ಪ ಬರಬೇಕು. ಈ ಪ್ಲೇಟ ಹಚ್ಚಬೇಕು. ಅದಕ್ಕೊಂದು ಮಿಷನ್ ನೋಡ್ರಿ."

ರೇವಪ್ಪ ಜುಣಕ ಬಾಯಿಗಿಟ್ಟುಕೊಂಡು ಅಂದ, "ಮನಿಗೆ ಇನ್ನೂ ಬಾಗಲಾ ಇಲ್ಲ, ಹಾಡ ಮೊದಲೇನು?"

"ಬಾಗಲಾ ನೀವು ಹಚ್ಚತೀರಿ. ಹಾಡ ನಾ ಹಚ್ಚತೇನಿ."

ಮೊದಲು ಕಿವಿಗೆ ಬಿದ್ದದ್ದು ಬಬಲೇಶ್ವರದ ಗುಡುಸಾಬನ ಗ್ರಾಮೋಫೋನಿನ ಸುದ್ದಿ. ರೇವಪ್ಪ ಅವನ ಮನೆಗೆ ಒಮ್ಮೆ ಮಾಳಿಗೆ ಕಟ್ಟಿಕೊಟ್ಟಿದ್ದ. ಐತವಾರ ತಾಯಿ ಮಗಳು ಇಬ್ಬರೂ ಪ್ಲೇಟನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಗುಡುಸಾಬ ಮುದುಕ, ಮನುಷ್ಯ ಛಲೋ. ಚಹಾ ಕುಡಿಸಿ, ಹಿತ್ತಾಳೆಯ ಕಹಳೆ ಒರೆಸಿ, ಕೀಲಿ ತಿರುವಿದ.

"ಕರೆಂಟ ಬ್ಯಾಡ, ಬ್ಯಾಟ್ರಿ ಬ್ಯಾಡ. ನಮ್ಮಪ್ಪನ ಕಾಲದ್ದು ತಂಗೀ. ಇವತ್ತಿಗೂ ಓಣಿ ಕಡೀ ಮನಿಗೆ ಕೇಳ್ತದ. ತಾ, ನಿನ್ನ ತಮ್ಮನ್ನ ಕೂಡ್ಸೂಣು."

ಪ್ಲೇಟು ಕೂಡಲಿಲ್ಲ. ತೂತು ದೊಡ್ಡದು, ಗೂಟ ಸಣ್ಣದು; ತಿರುಗಿಸಿದರೆ ಸರಿದು ಸರಿದು ಆಚೆ ಬೀಳುತ್ತಿತ್ತು. ಗುಡುಸಾಬ ಬೆಂಡು ತುರುಕಿದ, ಅರಿವೆ ತುರುಕಿದ. ಕಡೆಗೆ ಬೆವರು ಒರೆಸಿಕೊಂಡು, "ಈ ಹುಡುಗಗ ಎಲ್ಲೂ ಸುಮ್ನ ಕುಂದ್ರೂ ರೂಢಿ ಇಲ್ಲ ಕಾಣ್ತದ," ಅಂದ. ದುಂಡವ್ವ ನಕ್ಕಳು. ಗುರುಬಾಯಿಗೆ ನಗು ಬರಲಿಲ್ಲ.

ವಿಜಾಪುರದಲ್ಲಿ ರೇಡಿಯೋ ದುರುಸ್ತಿ ಮಾಡುವ ಅಬ್ದುಲಸಮದ ಆ ಸುದ್ದಿ ಕೇಳಿ ತಲೆಯ ಮೇಲೆ ಕೈ ಹೊತ್ತ. "ಅಕ್ಕಾರ, ಆ ತೂತು ನಿಮ್ಮ ಪ್ಲೇಟಿನ ಜೀವ ಉಳಿಸ್ತ್ರಿ! ಆ ಗ್ರಾಮೋಫೋನಿನ ಸೂಜಿ ಅಂದ್ರ ಮೊಳಿ. ಹೊಲಕ್ಕ ರಂಟಿ ಹೊಡದಂಗ ಹೊಡದು ಬಿಡ್ತಿತ್ತು. ಮತ್ತ ಅದು ತಿರುಗೂದು ಇದರ ಎರಡ ಪಟ್ಟು ಜೋರು."

ಅವನೇ ಒಂದು ಹಳೆಯ ಹವಾಯಿ ಚಪ್ಪಲಿಯ ರಬ್ಬರನ್ನು ದುಂಡಗೆ ಕತ್ತರಿಸಿ ತೂತಿಗೆ ಕೂಡಿಸಿದ. ಅವನ ಜೊತೆಗೇ ಬಜಾರದ ದೊಡ್ಡ ಅಂಗಡಿಗೆ ಹೋದರು. ಅಲ್ಲಿ ಸೂಟ್‌ಕೇಸಿನಂಥ ಸಣ್ಣ ರೆಕಾರ್ಡ್ ಪ್ಲೇಯರು ಇತ್ತು, ಕೆಂಪು ಬಣ್ಣ, ಮುಚ್ಚಳದಲ್ಲೇ ಸ್ಪೀಕರು. ದುಂಡವ್ವ ನೋಡಿದ ಕೂಡಲೇ ಅದಕ್ಕೆ ಮನಸೋತಳು.

"ಯವ್ವಾ ಇದ ತಗೊಳ್ಳೂಣು. ಕೈಯಾಗ ಹಿಡಕೊಂಡು ಹೋಗಬಹುದು. ನಮ್ಮ ಸಾಲಿ ಗ್ಯಾದರಿಂಗಿಗೂ ಒಯ್ಯಬಹುದು."

ಅಂಗಡಿಯವನು ಹಚ್ಚಿದ. ಚಿಕ್, ಚಿಕ್, ಚಿಕ್ ಎಂದು ಯಾವುದೋ ತಂತಿಯ ಸದ್ದು, ಅದರ ಮೇಲೆ ಒಬ್ಬ ಗಂಡಸಿನ ದನಿ. ದುಂಡವ್ವನ ಕಾಲು ತಾನಾಗಿಯೇ ಕುಣಿಯಿತು. ಗುರುಬಾಯಿ ಹಾಡು ಮುಗಿಯುವವರೆಗೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

"ಡೊಳ್ಳ ಎಲ್ಲೈತಿ?"

"ಏನವ್ವಾ?"

"ನನ್ನ ತಮ್ಮ ಡೊಳ್ಳ ಬಾರಿಸ್ಯಾನ. ಅದು ಎಲ್ಲೈತಿ ಇದರಾಗ?"

ಅಂಗಡಿಯವನು ನಕ್ಕ. "ಹಾಡ ಬರಾಕತ್ತೈತಲ್ಲವ್ವಾ, ಇನ್ನೇನು ಬೇಕು?"

"ಇಷ್ಟು ಸಣ್ಣ ಪೆಟ್ಟಿಗ್ಯಾಗ ಡೊಳ್ಳು ಹಿಡಿಯಾಂಗಿಲ್ರಿ ಅಕ್ಕಾರ," ಅಂದ ಅಬ್ದುಲಸಮದ ಮೆಲ್ಲಗೆ. "ತೆಳು ದನಿ ಅಷ್ಟ ಬರ್ತೈತಿ. ದಪ್ಪ ದನಿಗೆ ದೊಡ್ಡ ಸ್ಪೀಕರು ಬೇಕು, ಕಟಗಿ ಪೆಟ್ಟಿಗಿ ಬೇಕು."

"ಹಂಗಾರ ಇದು ಬ್ಯಾಡ."

"ಯವ್ವಾ!" ದುಂಡವ್ವನ ಕಣ್ಣಲ್ಲಿ ನೀರೇ ಬಂತು.

"ಬರೇ ಹಾಡ ಕೇಳೂದಾದ್ರ ಹೋಟೆಲ್ ಮುಂದ ನಿಂತು ಕೇಳಬಹುದು. ನನಗ ನಿಮ್ಮ ಮಾಮಾ ಬೇಕು."

ಹೊರಗೆ ಬಂದಮೇಲೆ ಅಬ್ದುಲಸಮದ ಒಂದು ಮಾತು ತೆಗೆದ. ತಾನು ಹತ್ತು ವರ್ಷದಿಂದ ದುರುಸ್ತಿ ಮಾಡಿಕೊಂಡು ಬಂದ ಒಂದು ರೇಡಿಯೋಗ್ರಾಮು ಒಬ್ಬ ಮುದಿ ವಕೀಲರ ಬಂಗಲೆಯಲ್ಲಿದೆ. ಜರ್ಮನಿಯದು, ಐವತ್ತನಾಲ್ಕರ ಮಾಲು. ವಕೀಲರು ಪುಣೆಗೆ, ಮಗಳ ಮನೆಗೆ ಹೋಗುವವರಿದ್ದಾರೆ. ಅದನ್ನು ಹೊತ್ತೊಯ್ಯುವ ಮನಸ್ಸು ಅವರಿಗಿಲ್ಲ.

ಅದು ಪೆಟ್ಟಿಗೆಯಲ್ಲ, ಒಂದು ಕಪಾಟು. ಎದೆಯೆತ್ತರ, ಎರಡು ಮೊಳ ಉದ್ದ, ಸಾಗವಾನಿಯ ಬಣ್ಣದ ಮೈಗೆ ಎಣ್ಣೆ ಹಚ್ಚಿದಂಥ ಹೊಳಪು. ಮೇಲೆ ಮುಚ್ಚಳ ತೆಗೆದರೆ ಪ್ಲೇಟು ತಿರುಗುವ ಜಾಗ, ಕೆಳಗೆ ಬಂಗಾರದ ಬಣ್ಣದ ಬಟ್ಟೆ, ಅದರ ಹಿಂದೆ ಸ್ಪೀಕರು. ಗುಂಡಿ ತಿರುವಿ ಅದು ಕಾಯುವವರೆಗೆ ಎಲ್ಲರೂ ನಿಂತೇ ಇದ್ದರು. ಹಸಿರು ದೀಪವೊಂದು ಕಣ್ಣು ಬಿಟ್ಟಂತೆ ಹೊತ್ತಿಕೊಂಡಿತು.

ಸೂಜಿ ಇಟ್ಟ ಕೂಡಲೇ ಗುರುಬಾಯಿಯ ಅಂಗಾಲಿಗೆ ಗೊತ್ತಾಯಿತು. ಧೂಂ. ನೆಲದಿಂದ ಬಂತು. ಎಲ್ಲರೂ ಕೈ ಎತ್ತುವ ಜಾಗದಲ್ಲಿ, ಅಂದು ಗುಡಿಯ ಮುಂದೆ ಬಿದ್ದ ಅದೇ ಜಾಗದಲ್ಲಿ.

"ಇವನ," ಅಂದಳು. "ಇವನ ನಮ್ಮ ರಾಮ್ಯಾ."

ವಕೀಲರು ಕನ್ನಡಕ ಸರಿಮಾಡಿಕೊಂಡು, "ನಾನು ಇದರ ಮ್ಯಾಲೆ ಇಪ್ಪತ್ತು ವರ್ಷ ಸಂಗೀತ ಕೇಳೇನಿ. ಇದಕ್ಕ ಇಂಥಾ ಎದಿ ಐತಿ ಅಂತ ನನಗೂ ಗೊತ್ತಿರಲಿಲ್ಲ ನೋಡವಾ," ಅಂದರು. ಬಂಗಲೆ ಮಾರಿಯಾಗಿದೆ, ಕೊಂಡವರು ಹಿತ್ತಲ ಅಂಗಳಕ್ಕೆ ಪರಸಿಕಲ್ಲು ಹಾಸಿಕೊಡಬೇಕೆಂದು ಕೇಳಿದ್ದಾರೆ, ಒಳ್ಳೆ ಗೌಂಡಿ ಸಿಕ್ಕಿಲ್ಲ ಎಂದೂ ಅಂದರು. ಗುರುಬಾಯಿ ಅಲ್ಲೇ ಮಾತು ಮುಗಿಸಿದಳು: ಅಂಗಳ ಹಾಸಿಕೊಡುವುದು ತನ್ನ ಗಂಡ, ಕೂಲಿಯ ಬದಲಿ ಈ ಪೆಟ್ಟಿಗೆ.

ಗಂಡನನ್ನು ಕೇಳಿರಲಿಲ್ಲ.

"ನನ್ನ ಕೈ ಮಾರಿ ಬಂದಾಳ!" ಅಂದ ರೇವಪ್ಪ ತಾಟಿನ ಮುಂದೆ. "ನನ್ನ ಮನಿ ನೆಲಾ ಇನ್ನೂ ಮಣ್ಣು, ಊರವರ ಹಿತ್ತಲಕ್ಕ ಪರಸಿ ಹಾಸಬೇಕಂತ."

"ಮುಂಜಾನೆ ಆರಕ್ಕ ಹೋಗ್ರಿ, ಹತ್ತಕ್ಕ ಬಿಡ್ರಿ. ಹದಿನೈದು ದಿನದ ಕೆಲಸ. ಆಮ್ಯಾಲೆ ನಮ್ಮ ಮನಿ."

"ಬುತ್ತಿ ಯಾವಾಗ ಕಟ್ತಿ?"

"ನಾಕಕ್ಕ ಏಳ್ತೇನಿ. ನೂರು ರೊಟ್ಟಿ ಬಡಿಯಾಕಿಗೆ ನಾಕು ಹೆಚ್ಚೇನು?"

ಪರಸವ್ವ ನಡುವೆ ಬಾಯಿ ಹಾಕಿದಳು. "ಅಷ್ಟ ದೊಡ್ಡ ಕಪಾಟ ಎಲ್ಲಿ ಇಡ್ತಿ? ಪಡಸಾಲಿ ಮೂಲಿ ನನ್ನ ಜ್ವಾಳದ ಕಣಜಕ್ಕ ಅಂತ ಪಾಯಾ ತಗದಾಗ ಹೇಳೀನಿ."

"ಜ್ವಾಳ ಒಳಗಿನ ಖೋಲ್ಯಾಗ ಇಡ್ರಿ ಅತ್ತಿ."

"ಹೌದು, ಜ್ವಾಳ ಒಳಗ, ಕುಣಿಯೂದು ಹೊರಗ! ಬಂದ ಮಂದಿ ಏನಂದಾರು? ಗೌಂಡಿ ಮನ್ಯಾಗ ತಿನ್ನಾಕ ಕಾಳಿಲ್ಲ, ಬಾರಿಸಾಕ ಪೆಟ್ಟಿಗಿ ಐತಿ ಅಂದಾರು."

"ಅನ್ನಲಿ ಬಿಡ್ರಿ. ಇಪ್ಪತ್ತು ವರ್ಷ ಮಂದಿ ಅಂದದ್ದಕ್ಕ ನಾ ರೊಟ್ಟಿ ಬಡಿಲಿಲ್ಲ."

"ಅತ್ತಿಗೂ ಸೊಸಿಗೂ ಇಬ್ಬರಿಗೂ ನಾನ ಸಿಕ್ಕೇನಿ," ಎಂದು ರೇವಪ್ಪ ಅರ್ಧಕ್ಕೇ ಕೈ ತೊಳೆದುಕೊಂಡ.

ಆದರೂ ಮರುದಿನ ಹೋಗಿ ನೋಡಿದ. ಗೌಂಡಿಯ ರೂಢಿ, ಕಲ್ಲು ಕೊಳ್ಳುವ ಮೊದಲು ಸುತ್ತಿಗೆಯಿಂದ ಒಮ್ಮೆ ಬಡಿದು ಕಿವಿಗೊಡುವುದು. ಒಳಗೆ ಬಿರುಕಿದ್ದರೆ ಕಲ್ಲು ಮೊದ್ದು ದನಿ ಕೊಡುತ್ತದೆ, ಗಟ್ಟಿ ಕಲ್ಲು ಗಂಟೆಯಂತೆ ಉತ್ತರಿಸುತ್ತದೆ. ರೇಡಿಯೋಗ್ರಾಮಿನ ನಾಲ್ಕೂ ಮೈಗೆ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿದ. ಹಾಡು ಕೇಳಲೇ ಇಲ್ಲ.

ಮನೆಗೆ ಬಂದು, "ಪೆಟ್ಟಿಗಿ ಖರೇ ಐತಿ. ಒಳಗ ಎಲ್ಲೂ ಬಿರುಕ ಬಿಟ್ಟಿಲ್ಲ," ಅಂದ. "ನಾಳಿಂದ ನಾಕಕ್ಕ ಎಬ್ಬಿಸು."

ಹದಿನೈದು ದಿನ ಎಂದದ್ದು ಇಪ್ಪತ್ತೆರಡಾಯಿತು. ರೇವಪ್ಪ ವಕೀಲರ ಹಿತ್ತಲು ಹಾಸಿ ಹತ್ತು ಗಂಟೆಗೆ ಬಂದು, ಎರಡು ರೊಟ್ಟಿ ತಿಂದು, ತೊರವಿ ರಸ್ತೆಗೆ ಸೈಕಲ್ಲು ಹೊಡೆಯುತ್ತಿದ್ದ. ಗುರುಬಾಯಿ ನೂರರ ಮೇಲೆ ಇಪ್ಪತ್ತು ರೊಟ್ಟಿ ಹೆಚ್ಚು ಬಡಿಯಹತ್ತಿದಳು. ದುಂಡವ್ವ ಕೆಂಪು ಸೂಟ್‌ಕೇಸಿನ ಸಿಟ್ಟು ಇಟ್ಟುಕೊಂಡೇ ಎರಡು ಹೊತ್ತು ನೀರು ತಂದಳು. ಪೆಟ್ಟಿಗೆಯನ್ನು ಅಬ್ದುಲಸಮದ ತನ್ನ ಅಂಗಡಿಗೆ ಒಯ್ದು ವಾಲ್ವು ಬದಲಿಸಿ, ಸೂಜಿ ಹೊಸದು ಹಾಕಿ ಇಟ್ಟ. ಪ್ಲೇಟು ಮಾತ್ರ ಮನೆಯ ಟ್ರಂಕಿನಲ್ಲಿ, ರಾಮಲಿಂಗನ ಪತ್ರಗಳ ನಡುವೆ.

ಮಹಾನವಮಿ ಬಂತು. ನಮ್ಮ ಕಡೆ ದಸರೆಗೆ ಮೊದಲು ಮನೆ ತೊಳೆಯುವುದೆಂದರೆ ನೆಲ ತೊಳೆಯುವುದಲ್ಲ. ಮನೆಯಲ್ಲಿ ಏನೇನಿದೆಯೋ ಅಷ್ಟೂ ಹೊರಗೆ ಬರಬೇಕು; ಕೌದಿ, ಚಾಪೆ, ಭಾಂಡಿ, ಡಬ್ಬಿ, ದೇವರ ಪಟದ ಗಾಜು, ಎಲ್ಲಾ ತಿಕ್ಕಿ, ತೊಳೆದು, ಬಿಸಿಲಿಗೆ ಹಾಕಬೇಕು. ಪರಸವ್ವ ಆ ಕೆಲಸದಲ್ಲಿ ಒಂದು ಕಡ್ಡಿಯನ್ನೂ ಬಿಡುವವಳಲ್ಲ. ಅವತ್ತು ಗುರುಬಾಯಿ ಖಾನಾವಳಿಗೆ ರೊಟ್ಟಿ ಮುಟ್ಟಿಸಲು ಹೋಗಿದ್ದಳು. ಪರಸವ್ವ ಟ್ರಂಕು ತೆಗೆದಳು, ಪ್ಲೇಟು ಕೈಗೆ ಬಂತು. ಎಷ್ಟು ಕೈ ದಾಟಿ, ಯಾವ ಯಾವ ನೀರು ದಾಟಿ ಬಂದ ವಸ್ತುವೋ. ಹೊಸ ಮನೆಗೆ ಮೈಲಿಗೆ ಒಯ್ಯಬಾರದು. ಪ್ಲೇಟನ್ನು ಕಲ್ಲ ಮೇಲಿಟ್ಟು, ಬೂದಿ ಹಾಕಿ, ತೆಂಗಿನ ನಾರಿನ ಜುಬ್ಬರದಿಂದ ಒಂದು ಮಗ್ಗಲು ಚೆನ್ನಾಗಿ ತಿಕ್ಕಿದಳು. ಇನ್ನೊಂದು ಮಗ್ಗಲು ತಿಕ್ಕಬೇಕೆನ್ನುವಷ್ಟರಲ್ಲಿ ನಳ ಬಂತೆಂದು ಯಾರೋ ಕೂಗಿದರು. ತೊಳೆದು, ತಗಡಿನ ಛಾವಣಿಯ ಮೇಲೆ ಹಿತ್ತಾಳೆಯ ತಾಟಿನ ಪಕ್ಕ ಒಣಹಾಕಿ ನೀರಿಗೆ ಓಡಿದಳು.

ಮಧ್ಯಾಹ್ನ ಸಾಲೆಯಿಂದ ಬಂದ ದುಂಡವ್ವ ಏಣಿ ಹತ್ತಿ ನೋಡಿ ಚೀರಿದಳು.

ಪ್ಲೇಟು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಒಂದು ಕಡೆ ಎದ್ದು ಒಂದು ಕಡೆ ಬಿದ್ದಿತ್ತು. ಗುರುಬಾಯಿ ಬಂದಳು, ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಹಳದಿ ಕಾಗದ ಒಂದು ಅಂಚಿಗೆ ಎದ್ದಿತ್ತು, ಊರಿನ ಹೆಸರು ಉಳಿದಿತ್ತು.

"ಅತ್ತಿ, ಏನ್ ಮಾಡಿದ್ರಿ ಇದು?"

"ತೊಳದೆ. ಎಲ್ಲಾ ತೊಳೀಲಿಲ್ಲೇನು? ಇದನ್ನೂ ತೊಳದೆ."

"ಹಾಡಿನ ಪ್ಲೇಟ ತೊಳೀತಾರೇನ್ರಿ!"

"ನನಗೇನು ಗೊತ್ತು? ನಮ್ಮಪ್ಪ ನನಗ ಪ್ಲೇಟ ತೋರ್ಸಿ ಬೆಳಸ್ಯಾನೇನು? ಕುರಿ ತೋರ್ಸಿ ಬೆಳಸ್ಯಾನ!"

"ಬೇಕಂತ ಮಾಡ್ಯಾಳ ಆಯಿ," ಅಂದಳು ದುಂಡವ್ವ. "ಕಣಜದ ಮೂಲಿ ಸಲುವಾಗಿ."

ಗುರುಬಾಯಿ ಮಗಳ ಬಾಯಿಗೆ ಹೊಡೆಯಲು ಎತ್ತಿದ ಕೈಯನ್ನು ಕೆಳಗಿಳಿಸಿದಳು. "ಆಯಿಗೆ ಹಂಗ ಅನ್ನಬಾರದು," ಎಂದಷ್ಟೇ ಅಂದಳು. ಆಮೇಲೆ ಒಲೆಯ ಮುಂದೆ ಕೂತು, ಉಳಿದಿದ್ದ ಹಿಟ್ಟು ನಾದಿ, ಯಾರಿಗೂ ಬೇಡವಾದ ರೊಟ್ಟಿ ಬಡಿಯುತ್ತಲೇ ಇದ್ದಳು. ಪರಸವ್ವ ಆ ಹೊತ್ತು ಉಣ್ಣಲಿಲ್ಲ. ಕರೆದರೆ, "ಹಸಿವಿಲ್ಲ," ಅಂದಳು.

ಅಬ್ದುಲಸಮದ ಸಂಜೆ ಬಂದು ನೋಡಿ, "ಇದು ಇನ್ನ ಹಾಡಾಂಗಿಲ್ರಿ ಅಕ್ಕಾರ," ಅಂದ. "ಸೂಜಿ ಗುಡ್ಡಾ ಹತ್ತಿ ಇಳಿಯಾಂಗಿಲ್ಲ."

ಮೂಲೆಯಲ್ಲಿ ಮುಖ ತಿರುವಿ ಕೂತಿದ್ದ ಪರಸವ್ವ ಆಗ ಬಾಯಿ ಬಿಟ್ಟಳು. "ಯಪ್ಪಾ, ಬಿಸಲಾಗ ಮೆತ್ತಗಾಗೇ ಅಲ್ಲ ಇದು ಸೊಟ್ಟ ಆಗಿದ್ದು?"

"ಹೌದ್ರಿ ಆಯಿ."

"ಹಂಗಾರ ಬಿಸಲಾಗೇ ಮತ್ತ ಮೆತ್ತಗ ಆದೀತು. ನಮ್ಮ ತವರಾಗ ಕುರಿ ತೊಗಲ ಒಣಗಿ ಸೊಟ್ಟ ಆದ್ರ ಎರಡು ಕಲ್ಲಿನ ನಡುವ ಹಾಕತಿದ್ರು. ರೇವಪ್ಪಾ, ನಿನ್ನ ಕಡೆ ಸಪಾಟ ಪರಸಿ ಅದಾವಿಲ್ಲೋ?"

ಅಬ್ದುಲಸಮದ ಗಲ್ಲ ಕೆರೆದುಕೊಂಡ. "ಆಗಲಿಕ್ಕೂ ಸಾಕ್ರಿ," ಅಂದ.

ರೇವಪ್ಪ ಹೊಸ ಮನೆಯ ನೆಲಕ್ಕೆಂದು ತಂದಿದ್ದ ಕಲ್ಲುಗಳಲ್ಲಿ ಇಡೀ ರಾಶಿ ತಡವಿ ಎರಡನ್ನು ಆರಿಸಿದ. ಪಟ್ಟಿ ಇಟ್ಟು ನೋಡಿದ, ಮರಳು ನೀರು ಹಾಕಿ ಒಂದಕ್ಕೊಂದು ತಿಕ್ಕಿದ, ಕನ್ನಡಿಯಂತೆ ಮಾಡಿದ. ಮುಂಜಾನೆ ಕಲ್ಲುಗಳನ್ನು ಬಿಸಿಲಿಗೆ ಕಾಯಲಿಟ್ಟು, ಮಧ್ಯಾಹ್ನ ಪ್ಲೇಟನ್ನು ತೆಳ್ಳನೆಯ ಧೋತರದ ತುಂಡಿನಲ್ಲಿ ಸುತ್ತಿ ನಡುವೆ ಇಡುವುದು. ಸಂಜೆ ಕಲ್ಲು ಸಮೇತ ನೆರಳಿಗೆ ತಂದು, ಮೇಲೆ ಜೋಳದ ಚೀಲ ಹೇರಿ, ಬೆಳಗಿನವರೆಗೆ ಮುಟ್ಟದಿರುವುದು. ನಾಲ್ಕು ದಿನ ಹೀಗೆ. ನಾಲ್ಕೂ ದಿನ ಪರಸವ್ವ ತಲೆಗೆ ಸೆರಗು ಹೊದ್ದು, ಕಲ್ಲಿನ ಪಕ್ಕದಲ್ಲೇ ಬಿಸಿಲಿಗೆ ಕೂತಳು. ಕಾಗೆ ಬಂದರೆ ಹೊಡೆದಳು, ಓಣಿಯ ಹುಡುಗರು ಬಂದರೆ ಬೈದಳು. ಎರಡನೆಯ ದಿನ ಗುರುಬಾಯಿ ಮಜ್ಜಿಗೆ ಒಯ್ದು ಕೊಟ್ಟಳು.

"ತಲಿ ಸುತ್ತೀತು, ಒಳಗ ಬರ್ರಿ ಅತ್ತಿ."

"ನೀ ನಿನ್ನ ರೊಟ್ಟಿ ನೋಡ್ಕೋ ಹೋಗು. ನನ್ನ ರೊಟ್ಟಿ ಇಲ್ಲಿ ಬೇಯಾಕತ್ತೈತಿ."

ಐದನೆಯ ದಿನ ಪ್ಲೇಟನ್ನು ರೇವಪ್ಪ ಕಣ್ಣಿನ ಮಟ್ಟಕ್ಕೆ ಹಿಡಿದು, ಗೋಡೆಯ ನೇರ ನೋಡುವಂತೆ ನೋಡಿದ. "ಕೂದಲಷ್ಟು ಐತಿ. ನಡೀತೈತಿ." ಜೋಳದ ಚೀಲವನ್ನು ಪರಸವ್ವ ತಾನೇ ಒಳಗಿನ ಖೋಲಿಗೆ ಎಳೆದುಕೊಂಡು ಹೋದಳು. "ಹೊಸಾ ಮನ್ಯಾಗೂ ಇದು ಒಳಗ ಇರಲಿ," ಅಂದಳು, ಯಾರಿಗೆ ಎಂದು ಹೇಳದೆ. ಆಮೇಲೆ ತಿರುಗಿ, "ಆ ಚಪ್ಪಲಿ ರಬ್ಬರ ಮಾತ್ರ ತಗೀರಿ. ಮನಿ ತುಂಬೂ ದಿನ ಹಾಡಿನ ನಡಬರಕ ಚಪ್ಪಲಿ ಬ್ಯಾಡ," ಅಂದಳು. ರೇವಪ್ಪ ಬೇವಿನ ಕಟ್ಟಿಗೆಯ ಒಂದು ಬಿಲ್ಲೆ ಕೊರೆದು ಕೊಟ್ಟ.

ಆದರೆ ಅಬ್ದುಲಸಮದನ ಅಂಗಡಿಯಲ್ಲಿ ಹಚ್ಚಿ ನೋಡಲು ಗುರುಬಾಯಿ ಒಪ್ಪಲಿಲ್ಲ. "ಬಂದ್ರ ಪಾಡ್ಯದ ದಿನ ಬರ್ಲಿ. ಬರದಿದ್ರ ಅವತ್ತ ಗೊತ್ತಾಗಲಿ," ಎಂದು ಟ್ರಂಕಿಗೆ ಕೀಲಿ ಹಾಕಿ, ಕೀಲಿಯನ್ನು ತಾಳಿಗೆ ಕಟ್ಟಿಕೊಂಡಳು.

ಪಾಡ್ಯದ ದಿನ ತೊರವಿ ರಸ್ತೆಯ ಮನೆಯ ಬಾಗಿಲಿಗೆ ಕಬ್ಬು, ಚೆಂಡುಹೂ. ನೆಲ ಪೂರಾ ಪರಸಿ. ಸಂದಿನಲ್ಲಿ ಸೂಜಿಯೂ ಇಳಿಯದ ಹಾಗೆ ರೇವಪ್ಪ ಕೂಡಿಸಿದ್ದ. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ. ಪಡಸಾಲೆಯ ಮೂಲೆಯಲ್ಲಿ, ಅರಿಷಿಣ ಕುಂಕುಮ ಹಚ್ಚಿಸಿಕೊಂಡು ರೇಡಿಯೋಗ್ರಾಮು. ಬಂದವರೆಲ್ಲ ಮನೆ ನೋಡುವ ಮೊದಲು ಅದನ್ನು ನೋಡಿದರು. ಖಾನಾವಳಿಯ ಮಾಲಕ ಎರಡು ಸಲ ಸುತ್ತು ಹಾಕಿದ. ರೇವಪ್ಪ ಪ್ರತಿಯೊಬ್ಬನಿಗೂ ಅದರ ಮೈ ಬಡಿದು ತೋರಿಸಿದ.

ಅಮೋಘಿ ಹನ್ನೆರಡರ ಬಸ್ಸಿಗೆ ಬಂದ. ಎಪ್ಪತ್ತೈದು ದಾಟಿತ್ತು. ಕಿವಿ ಅರ್ಧ ಹೋಗಿತ್ತು. ಐವತ್ತು ವರ್ಷ ಡೊಳ್ಳಿನ ಪಕ್ಕ ನಿಂತ ಕಿವಿ. ಬಿಳಿ ರುಮಾಲು, ಭುಜದ ಮೇಲೆ ಕರಿಯ ಕಂಬಳಿ. ಉಂಡ, ಎಲೆಯಡಿಕೆ ಹಾಕಿದ, ಮನೆಯನ್ನು ಹೊಗಳಿದ. ಗುರುಬಾಯಿ ಅವನನ್ನು ಪೆಟ್ಟಿಗೆಯ ಎದುರಿಗೆ, ಹೊಸ ನೆಲದ ಮೇಲೆ, ಕಂಬಳಿ ಹಾಸಿ ಕೂರಿಸಿದಳು.

"ಯಪ್ಪಾ, ರಾಮಲಿಂಗ ಒಂದು ಪ್ಲೇಟ ಕಳಿಸ್ಯಾನ. ಡೋಲ ಅವಂದ."

ಅಮೋಘಿ ಕಂಬಳಿ ಎಳೆದುಕೊಂಡು ಏಳಲು ನೋಡಿದ.

"ಕುಂದ್ರು ಯಪ್ಪಾ. ಇದು ನಿನ್ನ ಮನಿ ಅಲ್ಲ, ನನ್ನ ಮನಿ. ಇಲ್ಲಿ ನನ್ನ ಮಾತು ನಡೀತೈತಿ."

ಮುದುಕ ಕೂತ.

ಅಬ್ದುಲಸಮದ ಗುಂಡಿ ತಿರುವಿದ. ದುಂಡವ್ವ ಪ್ಲೇಟು ಇಟ್ಟು ಸೂಜಿ ಬಿಟ್ಟಳು. ಹಾಡು ಬರಲಿಲ್ಲ. ಹಸಿ ಕಟ್ಟಿಗೆ ಒಲೆಯಲ್ಲಿ ಉರಿಯುವಂತೆ ಚಟಚಟ, ಸೊರಸೊರ. ಅದರ ಹಿಂದೆ ಎಲ್ಲೋ ಬಾವಿಯೊಳಗಿನಿಂದ ಒಬ್ಬನ ದನಿ. ಸೂಜಿ ಹಾರಿ ಹಾರಿ ಬಿತ್ತು. ಪರಸವ್ವ ಬೂದಿ ಹಾಕಿ ತಿಕ್ಕಿದ ಮಗ್ಗಲು ಅದು.

ಯಾರೋ ಕಿಸಕ್ಕನೆ ನಕ್ಕರು. "ಶೇಂಗಾ ಹುರಿಯಾಕತ್ತಾರೇನು?" ಎಂದು ಬಾಗಿಲಲ್ಲಿ ಒಬ್ಬ ಅಂದ. ಪರಸವ್ವ ಕಂಬಕ್ಕೆ ಆನಿಕೊಂಡು ಕಣ್ಣು ಮುಚ್ಚಿದಳು. ಗುರುಬಾಯಿಯ ಮುಖ ಕೆಂಡವಾಯಿತು. ಆದರೂ ಅಪ್ಪನ ಭುಜದ ಮೇಲಿಟ್ಟ ಕೈ ತೆಗೆಯಲಿಲ್ಲ.

"ಹೊಳ್ಳಿಸಿ ಹಚ್ಚು," ಅಂದಳು ಮಗಳಿಗೆ.

"ಆ ಮಗ್ಗಲಾ ನಾವು ಒಮ್ಮಿನೂ ಕೇಳಿಲ್ಲ ಯವ್ವಾ."

"ಹಚ್ಚು."

ದುಂಡವ್ವ ಹೊಳ್ಳಿಸಿದಳು. ಸೂಜಿ ಒಂದು ಸುತ್ತು ಸುಮ್ಮನೆ ತಿರುಗಿತು. ಆಮೇಲೆ ಬಂತು. ಅದೇ ಹಾಡು, ಆದರೆ ಹಾಡುವವನಿಲ್ಲ. ಮೊದಲೆರಡು ಮಾತು ಅಂದು ಅವನು ಎಲ್ಲೋ ಹೋಗಿಬಿಟ್ಟ. ತಂತಿ ಒಮ್ಮೆ ಇಣುಕಿ ಮರೆಯಾಯಿತು. ಉಳಿದದ್ದು ಬರೀ ಡೋಲು, ಮತ್ತು ಅದರ ಕೆಳಗೆ ನಡೆದುಹೋಗುವ ದಪ್ಪ ದನಿ.

"ಆ ಕಡೆ ಹಿಂಗ ಮಾಡ್ತಾರಂತ್ರಿ," ಅಂದ ಅಬ್ದುಲಸಮದ ಪಿಸುಮಾತಿನಲ್ಲಿ. "ಒಂದು ಮಗ್ಗಲಾ ಹಾಡು, ಇನ್ನೊಂದು ಮಗ್ಗಲಾ ದನಿ ತಗದು ಬರೇ ಬಾರಿಸಿದ್ದು."

ಧೂಂ. ಪರಸಿಯಿಂದ ಪರಸಿಗೆ ಹತ್ತಿಕೊಂಡು ನೆಲದಲ್ಲಿ ಬಂತು. ಬಾಗಿಲಲ್ಲಿ ನಿಂತವನು ತನ್ನ ಕಾಲು ನೋಡಿಕೊಂಡ. ಯಾರೂ ನಗಲಿಲ್ಲ.

ಅಮೋಘಿ ಮುಂದಕ್ಕೆ ಬಾಗಿ ಪೆಟ್ಟಿಗೆಯ ಮೈಗೆ ಎಡಗೈ ಹಚ್ಚಿದ, ಡೊಳ್ಳಿಗೆ ಹಚ್ಚಿದಂತೆ. ಬಲಗೈ ನೆಲದ ಮೇಲೆ ತಾಳ ಹಾಕಹತ್ತಿತು. ಅವನು ಹೊಡೆದಲ್ಲಿ ಪೆಟ್ಟಿಗೆ ಸುಮ್ಮನಿತ್ತು, ಅವನು ಕೈ ಎತ್ತಿದಲ್ಲಿ ಪೆಟ್ಟಿಗೆ ಹೊಡೆಯಿತು. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿಗೆ ಇಬ್ಬರ ನಡುವೆ ಒಂದು ಕೂದಲೂ ಹೋಗದಂತೆ ಎರಡೂ ಕೂಡಿಕೊಂಡವು. ತಿಕೋಟಾದಲ್ಲಿ ಮುರಿದ ಮೇಳ ತೊರವಿ ರಸ್ತೆಯಲ್ಲಿ ಕೂಡಿತು. ಗುರುಬಾಯಿ ಅಪ್ಪನ ಕೈಯನ್ನೇ ನೋಡುತ್ತಿದ್ದಳು.

ಪ್ಲೇಟು ನಿಂತಿತು. ಮುದುಕ ಪೆಟ್ಟಿಗೆಯ ಮೇಲಿನ ಕೈ ತೆಗೆಯಲಿಲ್ಲ.

"ಅವತ್ತೂ ಇದನ್ನ ಹೊಡದಿದ್ನಲ್ಲ?"

"ಹೂಂ ಯಪ್ಪಾ. ಇದನ್ನ."

"ನಾವು ನಮ್ಮ ತಾಳ ಬಿಡದ ನಿಲ್ಲಬೇಕಾಗಿತ್ತು. ಅವ ತಪ್ಪಿರಲಿಲ್ಲ."

ದುಂಡವ್ವ ಪ್ಲೇಟನ್ನು ಎತ್ತಿ ಮುತ್ಯಾನ ಮುಂದೆ ಹಿಡಿದು, ಬೆರಳಿಟ್ಟು ತೋರಿಸಿದಳು. "ನೋಡು ಮುತ್ಯಾ, ಇಲ್ಲಿ ನಮ್ಮೂರ ಹೆಸರ ಐತಿ."

"ಏನ್ ಬರದಾರ?"

"ತಿಕೋಟಾ."

ಅಮೋಘಿ ರುಮಾಲು ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತ ಮಂದಿಯ ಕಡೆ ಒಮ್ಮೆ ತಿರುಗಿ ನೋಡಿದ. ಘೋಣಸಗಿಯವರು ಯಾರಾದರೂ ಇದ್ದಾರೋ ಎಂದು ನೋಡಿದಂತಿತ್ತು. ಇದ್ದವಳು ಪರಸವ್ವ ಒಬ್ಬಳೇ.

"ಪ್ಲೇಟ ಸರಿ ಮಾಡ್ದಾಕಿ ನಾನ ನೋಡ್ರಿ ಬೀಗರ," ಅಂದಳು ಅವಳು, ಸೆರಗು ಎಳೆದುಕೊಂಡು. "ನಾಕು ದಿನ ಬಿಸಲಾಗ ಕುಂತೀನಿ."

"ಕೆಡಿಸಿದಾಕಿನೂ ನೀನ," ಅಂದ ರೇವಪ್ಪ, ಮೆಲ್ಲಗೆ.

"ಇನ್ನೊಮ್ಮಿ ಹಚ್ಚವಾ," ಅಂದ ಅಮೋಘಿ ಮೊಮ್ಮಗಳಿಗೆ. "ಮತ್ತ ನಿಮ್ಮ ಮಾಮಾಗ ಪತ್ರ ಬರಿ. ನಾ ಹೇಳ್ತೇನಿ, ನೀ ಬರಿ."

ಸಂಜೆಯ ಬಸ್ಸಿನವರೆಗೆ ಏಳು ಸಲ ಹಚ್ಚಿದರು. ಹತ್ತೊಂಬತ್ತು ವರ್ಷದ ಹಿಂದೆ ಬೇವಿನ ಮರದ ಕೆಳಗೆ ಕೊಟ್ಟ ಮಾತನ್ನು ಗುರುಬಾಯಿ ನಡೆಸಿಕೊಟ್ಟಳು.